ರುಡಾಲ್ಫ್ ಡೀಸೆಲ್

ರುಡಾಲ್ಫ್ ಕ್ರಿಸ್ಟಿಯಾನ್ ಕಾರ್ಲ್ ಡೀಸೆಲ್ (18 ಮಾರ್ಚ್ 1858 – 29 ಸೆಪ್ಟೆಂಬರ್ 1913) ಜರ್ಮನಿಯ ಯಂತ್ರ ಎಂಜಿನಿಯರ್ ಮತ್ತು ಸಂಶೋಧಕರು. ವಿದ್ಯುತ್ ಕಿಡಿಯ ನೆರವಿಲ್ಲದೆ, ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನವನ್ನು ಹೊತ್ತಿಸುವ ಸಂಪೀಡನ ಜ್ವಲನ ಎಂಜಿನ್ ಅವರ ಸಾಧನೆ. ಈ ಎಂಜಿನ್ ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದಕ್ಕೆ ಬಳಸುವ ಎಣ್ಣೆಗೂ ಅದೇ ಹೆಸರು ಅಂಟಿಕೊಂಡಿದೆ. ಆದರೆ 1893ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಅವರ ಮೊದಲ ಎಂಜಿನ್ನಿನೊಳಗೆ ಹೊತ್ತಿಕೊಂಡ ಇಂಧನ ಇಂದು ನಾವು ಡೀಸೆಲ್ ಎಂದು ಕರೆಯುವ ಎಣ್ಣೆಯಲ್ಲ, ಪೆಟ್ರೋಲ್. ಆ ಎಂಜಿನ್ ಹೊರೆ ಎಳೆಯುವುದಿರಲಿ, ತನ್ನ ಭಾಗಗಳ ಘರ್ಷಣೆಯನ್ನು ಗೆದ್ದು ಬರಿದೆ ತಿರುಗುವುದಕ್ಕೂ ಅಸಮರ್ಥವಾಗಿತ್ತು. ಆ ಸ್ಥಿತಿಯಿಂದ ಅದನ್ನು ಕೆಲಸಕ್ಕೆ ಬರುವ ಯಂತ್ರವನ್ನಾಗಿ ಮಾಡಲು ಸುಮಾರು ನಾಲ್ಕು ವರ್ಷ ಹಿಡಿಯಿತು.

ಬಾಲ್ಯ

ಡೀಸೆಲ್ ಹುಟ್ಟಿದ್ದು ಫ್ರಾನ್ಸಿನ ರಾಜಧಾನಿ ಪ್ಯಾರಿಸ್‌ನಲ್ಲಿ. ತಂದೆ ಥಿಯೋಡೋರ್ ಡೀಸೆಲ್ ಔಗ್ಸ್‌ಬರ್ಗ್ ಮೂಲದ ಪುಸ್ತಕ ಹೊಲಿಗೆಗಾರರು. ಪ್ಯಾರಿಸ್‌ನಲ್ಲಿ ಚರ್ಮದ ವಸ್ತುಗಳ ಸಣ್ಣ ಕಾರ್ಯಾಗಾರ ನಡೆಸುತ್ತಿದ್ದರು. ತಾಯಿ ಎಲಿಸೆ. ಮನೆಯಲ್ಲಿ ಬಡತನವಿತ್ತು.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಆರಂಭವಾದಾಗ ಪ್ಯಾರಿಸ್‌ನಲ್ಲಿದ್ದ ಜರ್ಮನ್ನರು ನಗರ ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಗಿ ನೆಲೆ ಅರಸಿತು. ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಅಲ್ಲಿಂದ ಔಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳಾದ ಬಾರ್ನಿಕೆಲ್ ದಂಪತಿಗಳ ಮನೆಗೆ ಕಳುಹಿಸಲಾಯಿತು. ಮನೆಯ ಯಜಮಾನರಾದ ಕ್ರಿಸ್ಟೋಫ್ ಬಾರ್ನಿಕೆಲ್ ಅಲ್ಲಿನ ವೃತ್ತಿಶಿಕ್ಷಣ ಶಾಲೆಯಲ್ಲಿ ಗಣಿತದ ಉಪಾಧ್ಯಾಯರು. ಹುಡುಗ ಅದೇ ಶಾಲೆಗೆ ಸೇರಿದ. ತಾನು ಎಂಜಿನಿಯರ್ ಆಗಬೇಕೆಂದು ಹದಿನಾಲ್ಕನೆಯ ವಯಸ್ಸಿನಲ್ಲೇ ತಂದೆತಾಯಿಗೆ ಪತ್ರ ಬರೆದ. 1873ರಲ್ಲಿ ತರಗತಿಗೆ ಮೊದಲಿಗನಾಗಿ ಶಾಲೆ ಮುಗಿಸಿ ನಗರದ ಕೈಗಾರಿಕಾ ಶಾಲೆಯನ್ನು ಸೇರಿದ.

ಗಾಜಿನ ಕೊಳವೆಯಲ್ಲಿ ಗಾಳಿಯನ್ನು ಥಟ್ಟನೆ ಒತ್ತಿ, ಅದರ ತುದಿಯಲ್ಲಿಟ್ಟ ಅರಳೆಯನ್ನು ಹೊತ್ತಿಸುವ ಒಂದು ಸಾಧನವನ್ನು ಡೀಸೆಲ್ ವಿದ್ಯಾರ್ಥಿಯಾಗಿದ್ದಾಗ ಕಂಡಿದ್ದರೆಂದೂ ಎಂಜಿನ್ನಿನ ಕಲ್ಪನೆ ಅಲ್ಲಿಯೇ ಮೊಳೆಯಿತೆಂದೂ ಹೇಳುವ ಕಥೆ ಪ್ರಚಲಿತದಲ್ಲಿದೆ. ಕಥೆ ಸೊಗಸಾಗಿದೆಯಾದರೂ ಡೀಸೆಲ್ ಅವರ ಚಿಂತನೆಯ ನಿಜವಾದ ಮೂಲ ಉಷ್ಣಗತಿವಿಜ್ಞಾನದ ಪಾಠಗಳಲ್ಲಿತ್ತು.

ಮ್ಯೂನಿಕ್ ಮತ್ತು ಕಾರ್ಲ್ ಫಾನ್ ಲಿಂಡೆ

1875ರಲ್ಲಿ ವಿದ್ಯಾರ್ಥಿವೇತನ ಪಡೆದು ಡೀಸೆಲ್ ಮ್ಯೂನಿಕ್‌ನ ರಾಜ್ಯ ಪಾಲಿಟೆಕ್ನಿಕ್ ಸೇರಿದರು. ಇಂದಿನ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಪೂರ್ವರೂಪವದು. ಅಲ್ಲಿ ಅವರಿಗೆ ಪಾಠ ಹೇಳಿದವರು ಶೈತ್ಯೀಕರಣ ಯಂತ್ರದ ಪ್ರವರ್ತಕ ಕಾರ್ಲ್ ಫಾನ್ ಲಿಂಡೆ. ಅತ್ಯುತ್ತಮ ಉಗಿಯಂತ್ರವೂ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದದ್ದೆಲ್ಲ ವ್ಯರ್ಥವಾಗುತ್ತದೆ ಎಂಬುದನ್ನು ಡೀಸೆಲ್ ಈ ತರಗತಿಗಳಲ್ಲಿ ತಿಳಿದರು. ಫ್ರೆಂಚ್ ವಿಜ್ಞಾನಿ ಸಾದಿ ಕಾರ್ನೋ 1824ರಲ್ಲಿ ವಿವರಿಸಿದ ಆದರ್ಶ ಚಕ್ರದಂತೆ ತಾಪವನ್ನು ಏರಿಸದೆಯೇ ಶಾಖವನ್ನು ಒದಗಿಸುವ ಯಂತ್ರವೊಂದನ್ನು ಕಟ್ಟಿದರೆ ಈ ನಷ್ಟವನ್ನು ಬಹುಪಾಲು ತಪ್ಪಿಸಬಹುದೆಂಬ ಯೋಚನೆ ಅವರನ್ನು ಹಿಡಿಯಿತು, ಮುಂದೆ ಹಲವು ವರ್ಷಗಳ ಕಾಲ ಬಿಡಲಿಲ್ಲ.

1879ರಲ್ಲಿ ವಿಷಮಶೀತ ಜ್ವರ ತಗುಲಿ ಅಂತಿಮ ಪರೀಕ್ಷೆ ತಪ್ಪಿತು. ಮುಂದಿನ ಪರೀಕ್ಷೆಗೆ ಕಾಯುವ ಅವಧಿಯಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಲ್ಲಿದ್ದ ಸುಲ್ಜರ್ ಸಹೋದರರ ಕಾರ್ಖಾನೆಯಲ್ಲಿ ಕೆಲಸ ಕಲಿತರು. 1880ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಅನಂತರ ಪ್ಯಾರಿಸ್‌ಗೆ ಮರಳಿ ಲಿಂಡೆಯವರ ಶೈತ್ಯೀಕರಣ ಮತ್ತು ಮಂಜುಗಡ್ಡೆ ತಯಾರಿಕಾ ಘಟಕದ ನಿರ್ಮಾಣಕ್ಕೆ ನೆರವಾದರು. ಒಂದು ವರ್ಷದಲ್ಲಿ ಅದರ ನಿರ್ದೇಶಕರೂ ಆದರು. 1883ರಲ್ಲಿ ಮಾರ್ಥಾ ಫ್ಲಾಶೆ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ರುಡಾಲ್ಫ್, ಹೆಡಿ ಮತ್ತು ಓಯ್ಗೆನ್ ಎಂಬ ಮೂವರು ಮಕ್ಕಳು. ಕಿರಿಯ ಮಗ ಓಯ್ಗೆನ್ ಮುಂದೆ ತಂದೆಯ ಜೀವನಚರಿತ್ರೆಯನ್ನು ಬರೆದರು.

ಪ್ಯಾರಿಸ್‌ನ ವರ್ಷಗಳಲ್ಲಿ ಡೀಸೆಲ್ ಉಗಿಯ ಬದಲು ಅಮೋನಿಯಾ ಆವಿಯಿಂದ ನಡೆಯುವ ಯಂತ್ರವೊಂದನ್ನು ಪರೀಕ್ಷಿಸಿದರು. ಪ್ರಯೋಗದ ಸಮಯದಲ್ಲಿ ಅದು ಸಿಡಿದು ಅವರು ಬಹುಕಾಲ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆ ಯಂತ್ರ ಕೈಗೂಡಲಿಲ್ಲ. ಹೆಚ್ಚಿನ ಒತ್ತಡದ ಅನಿಲಗಳೊಡನೆ ಕೆಲಸಮಾಡುವ ಅನುಭವ ಮಾತ್ರ ಉಳಿಯಿತು. 1890ರಲ್ಲಿ ಲಿಂಡೆ ಸಂಸ್ಥೆಯ ಕೆಲಸದ ಮೇಲೆ ಸಂಸಾರಸಮೇತ ಬರ್ಲಿನ್‌ಗೆ ಹೋದರು. ಅಮೋನಿಯಾದ ಜಾಗದಲ್ಲಿ ಗಾಳಿಯನ್ನೇ ಬಳಸಿ, ಅದರೊಳಗೇ ಇಂಧನವನ್ನು ಉರಿಸುವ ಆಲೋಚನೆ ಈ ಹೊತ್ತಿಗೆ ರೂಪ ಪಡೆದಿತ್ತು.

ಪೇಟೆಂಟ್ ಮತ್ತು ಸಿದ್ಧಾಂತದ ತೊಡಕು

1892ರ ಫೆಬ್ರವರಿಯಲ್ಲಿ ಡೀಸೆಲ್ ತಮ್ಮ ಕಲ್ಪನೆಗೆ ಪೇಟೆಂಟ್ ಕೋರಿದರು. ಮರುವರ್ಷ ಅದು 67207 ಸಂಖ್ಯೆಯ ಜರ್ಮನ್ ಪೇಟೆಂಟ್ ಆಗಿ ದೊರೆಯಿತು. 1893ರ ಆರಂಭದಲ್ಲಿ ಉಗಿಯಂತ್ರಕ್ಕೂ ಆಗಿನ ಅಂತರ್ದಹನ ಎಂಜಿನ್ನುಗಳಿಗೂ ಬದಲಾಗಬಲ್ಲ ತರ್ಕಬದ್ಧ ಉಷ್ಣ ಎಂಜಿನ್ ಕುರಿತ ಅವರ ಪುಸ್ತಕ ಪ್ರಕಟವಾಯಿತು. ಗಾಳಿಯನ್ನು 250 ವಾಯುಮಂಡಲದಷ್ಟು ಒತ್ತಡಕ್ಕೆ ಒಯ್ದು, ಆಮೇಲೆ ತಾಪ ಏರದಂತೆ ಇಂಧನವನ್ನು ಸ್ವಲ್ಪಸ್ವಲ್ಪವಾಗಿ ಉರಿಸಿದರೆ ಪ್ರತಿಶತ 73ರಷ್ಟು ದಕ್ಷತೆ ಸಾಧ್ಯವೆಂದು ಅದರಲ್ಲಿ ಲೆಕ್ಕಹಾಕಿದ್ದರು.

ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು, ಯಂತ್ರದಲ್ಲಿ ಎಡವಟ್ಟಾಗುತ್ತಿತ್ತು. ತಾಪ ಏರಬಾರದೆಂದರೆ ಸಿಲಿಂಡರಿನಲ್ಲಿರುವ ಅಪಾರ ಗಾಳಿಗೆ ಅತ್ಯಲ್ಪ ಇಂಧನವನ್ನು ಮಾತ್ರ ಕೊಡಬೇಕು. ಅಷ್ಟು ತೆಳುವಾದ ಮಿಶ್ರಣ ಉರಿದು ದೊರೆಯುವ ಕೆಲಸ ತೀರ ಸ್ವಲ್ಪ. ಗಾಳಿಯನ್ನು ಅಂಥ ಒತ್ತಡಕ್ಕೆ ಒತ್ತುವಾಗ ಪಿಸ್ಟನ್ನು, ಬೇರಿಂಗುಗಳು, ಕವಾಟಗಳು ಸವೆಸುವ ಶಕ್ತಿ ಅದಕ್ಕಿಂತ ಹೆಚ್ಚು. ಅಂದರೆ ಆ ಎಂಜಿನ್ ಎಷ್ಟೇ ದಕ್ಷವಾಗಿದ್ದರೂ ಹೊರಗೆ ಕೊಡಲು ಅದರ ಬಳಿ ಏನೂ ಉಳಿಯುತ್ತಿರಲಿಲ್ಲ. ಡೀಸೆಲ್ 1893ರ ಮಧ್ಯಭಾಗದ ವೇಳೆಗೆ ಇದನ್ನು ಮನಗಂಡರು. ಒತ್ತಡದ ಗುರಿಯನ್ನು ಬಹಳ ಇಳಿಸಿ, ದಹನದ ಕಾಲದಲ್ಲಿ ತಾಪಕ್ಕೆ ಬದಲಾಗಿ ಒತ್ತಡವನ್ನು ಹೆಚ್ಚುಕಡಿಮೆ ಸ್ಥಿರವಾಗಿಡುವ ಚಕ್ರಕ್ಕೆ ತಿರುಗಿದರು. ಆ ವರ್ಷದ ನವೆಂಬರ್‌ನಲ್ಲಿ ಅದಕ್ಕಾಗಿ ಇನ್ನೊಂದು ಪೇಟೆಂಟಿಗೆ ಅರ್ಜಿ ಹಾಕಿದರು. ಆದರೆ ಮೊದಲ ಪೇಟೆಂಟಿನಲ್ಲಿ ವರ್ಣಿಸಿದ್ದು ಒಂದು, ಕಟ್ಟಿದ್ದು ಇನ್ನೊಂದು ಎಂಬುದನ್ನು ಅವರು ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ಈ ಮೌನ ಬಾಳಿನ ಕೊನೆಯವರೆಗೂ ಅವರನ್ನು ಕಾಡಿತು.

ಪ್ರಯೋಗಕ್ಕೆ ಸ್ಥಳ ಮತ್ತು ಹಣ ಒದಗಿಸಿದವರಲ್ಲಿ ಮೊದಲಿಗರು ಔಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯ ನಿರ್ದೇಶಕ ಹೈನ್ರಿಶ್ ಬುಟ್ಸ್. ಇದೇ ಕಾರ್ಖಾನೆ ಮುಂದೆ ಎಂಎಎನ್ ಎಂಬ ಹೆಸರಿನಿಂದ ಖ್ಯಾತವಾಯಿತು. ಎಸ್ಸೆನ್ ನಗರದ ಉಕ್ಕಿನ ಉದ್ಯಮ ಕ್ರುಪ್ ಜೊತೆಗೂಡಿ ಡೀಸೆಲ್ ಅವರಿಗೆ ವರ್ಷಕ್ಕೆ 30,000 ಮಾರ್ಕ್ ಸಂಭಾವನೆ ಗೊತ್ತುಮಾಡಿತು.

ಔಗ್ಸ್‌ಬರ್ಗ್ ಪ್ರಯೋಗಗಳು

ಮೊದಲ ಪ್ರಯೋಗ ಎಂಜಿನ್ 1893ರ ಜುಲೈನಲ್ಲಿ ಸಿದ್ಧವಾಯಿತು. ಸಿಲಿಂಡರಿನ ಒಳವ್ಯಾಸ 150 ಮಿಲಿಮೀಟರ್, ಪಿಸ್ಟನ್ನಿನ ಓಟ 400 ಮಿಲಿಮೀಟರ್. ಅದು ಸ್ವಂತವಾಗಿ ತಿರುಗಲಾರದಾದ್ದರಿಂದ ಕಾರ್ಖಾನೆಯ ಚಾಲಕ ದಂಡದಿಂದ ಪಟ್ಟಿ ಹಾಕಿ ತಿರುಗಿಸುತ್ತಿದ್ದರು. ಮೊದಲಿಗೆ ಗಾಳಿ 18 ವಾಯುಮಂಡಲದಷ್ಟು ಮಾತ್ರ ಒತ್ತಲ್ಪಟ್ಟಿತು. ಉಳಿದದ್ದು ಪಿಸ್ಟನ್ ಮತ್ತು ಕವಾಟಗಳ ಸಂದುಗಳಿಂದ ಸೋರಿಹೋಗುತ್ತಿತ್ತು.

ಆಗಸ್ಟ್ 10ರಂದು ಸಿಲಿಂಡರಿನೊಳಕ್ಕೆ ಪೆಟ್ರೋಲನ್ನು ಚಿಮ್ಮಿಸಲಾಯಿತು. ಅದು ಹೊತ್ತಿಕೊಂಡಿತು. ಒತ್ತಡ ಕ್ಷಣಮಾತ್ರದಲ್ಲಿ ಸುಮಾರು 80 ವಾಯುಮಂಡಲಕ್ಕೆ ಜಿಗಿದು, ಒತ್ತಡವನ್ನು ದಾಖಲಿಸುವ ಸೂಚಕ ಉಪಕರಣ ಸಿಡಿದು ಚೂರುಗಳು ಹಾರಿದವು. ಯಾರಿಗೂ ಪೆಟ್ಟಾಗಲಿಲ್ಲ. ಒತ್ತಿದ ಗಾಳಿಯ ಶಾಖವೊಂದೇ ಇಂಧನವನ್ನು ಹೊತ್ತಿಸಬಲ್ಲದೆಂಬುದು ಆ ಒಂದು ಸಿಡಿತದಿಂದ ಸಾಬೀತಾಯಿತು. ಎಂಜಿನ್ ಮಾತ್ರ ನಡೆಯಲಿಲ್ಲ. ಮೊದಲ ಸುತ್ತಿನ ಪ್ರಯೋಗ ಮುಗಿಯುವವರೆಗೂ ಅದು ಒಮ್ಮೆಯೂ ಸ್ವಂತ ಬಲದಿಂದ ತಿರುಗಲಿಲ್ಲ.

ಇಲ್ಲಿ ಪೆಟ್ರೋಲಿನ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಬೆಂಕಿಯ ಕಿಡಿ ತಾಗಿದರೆ ಪೆಟ್ರೋಲ್ ಭಗ್ಗನೆ ಉರಿಯುತ್ತದೆ. ಆದ್ದರಿಂದ ಅದು ಎಲ್ಲ ಬಗೆಯಲ್ಲೂ ಬೇಗ ಹೊತ್ತುವ ಇಂಧನವೆಂದು ತೋರುವುದು ಸಹಜ. ಆದರೆ ಕಿಡಿಯಿಲ್ಲದೆ, ಕೇವಲ ಬಿಸಿಗಾಳಿಯಲ್ಲಿ ತಾನೇ ತಾನಾಗಿ ಹೊತ್ತಿಕೊಳ್ಳುವ ವಿಚಾರದಲ್ಲಿ ಅದು ಸೀಮೆಎಣ್ಣೆಗಿಂತಲೂ ಭಾರವಾದ ಎಣ್ಣೆಗಳಿಗಿಂತಲೂ ಹಿಂದು. ಅದರ ಅಣುಗಳು ಸ್ವಯಂಜ್ವಲನಕ್ಕೆ ಪ್ರತಿರೋಧ ಒಡ್ಡುತ್ತವೆ, ಹೊತ್ತಲು ತಡಮಾಡುತ್ತವೆ. ಈ ತಡದ ಅವಧಿಯಲ್ಲಿ ಒಳಗೆ ಸೇರಿದ ಇಂಧನವೆಲ್ಲ ಗಾಳಿಯೊಡನೆ ಬೆರೆತು, ಹೊತ್ತಿದಾಗ ಒಮ್ಮೆಲೇ ಉರಿದುಬಿಡುತ್ತದೆ. ಗಾಳಿ ಸಾಕಷ್ಟು ಬಿಸಿಯಾಗದಿದ್ದರೆ ಹೊತ್ತುವುದೇ ಇಲ್ಲ. ಆಕ್ಟೇನ್, ಸೀಟೇನ್ ಎಂಬ ಅಳತೆಗಳು ಬರಲು ಇನ್ನೂ ಹಲವು ದಶಕಗಳು ಬಾಕಿಯಿದ್ದ ಕಾಲದಲ್ಲಿ ಡೀಸೆಲ್ ಈ ಗುಣವನ್ನು ಅಂದಾಜಿನಿಂದಲೂ ಸೋಲುಗಳಿಂದಲೂ ಅರಿಯಬೇಕಾಗಿತ್ತು.

ಐದು ತಿಂಗಳು ಎಂಜಿನ್ನನ್ನು ಬಿಚ್ಚಿ ಮಾರ್ಪಡಿಸಲಾಯಿತು. ಸೋರಿಕೆಗಳನ್ನು ತಡೆಗಟ್ಟಿ, ಗಾಳಿಯನ್ನು 30 ವಾಯುಮಂಡಲಕ್ಕೂ ಮೀರಿ ಒತ್ತಲು ಸಾಧ್ಯವಾಯಿತು. ಇಂಧನವನ್ನು ಒಳಹೊಗಿಸುವ ಕ್ರಮವೂ ಬದಲಾಯಿತು. ಸಿಲಿಂಡರಿನಲ್ಲಿರುವುದಕ್ಕಿಂತ ಹೆಚ್ಚಿನ ಒತ್ತಡದ ಗಾಳಿಯೊಡನೆ ಇಂಧನವನ್ನು ಊದಿ ಮಂಜಿನಂತೆ ಚೆದುರಿಸುವ ಪದ್ಧತಿ ಕ್ರಮೇಣ ನೆಲೆಗೊಂಡಿತು.

1894ರ ಫೆಬ್ರವರಿ 17ರ ಘಟನೆ ಎಂಜಿನಿಯರಿಂಗ್ ಚರಿತ್ರೆಯಲ್ಲಿ ಮತ್ತೆಮತ್ತೆ ಹೇಳಲ್ಪಟ್ಟಿದೆ. ಎಂದಿನಂತೆ ಪಟ್ಟಿಯಿಂದ ಎಂಜಿನ್ ತಿರುಗುತ್ತಿತ್ತು. ಲಿಂಡರ್ ಎಂಬ ಮೆಕ್ಯಾನಿಕ್ ಅದನ್ನು ನೋಡಿಕೊಳ್ಳುತ್ತಿದ್ದ. ಒಂದು ಗಳಿಗೆಯಲ್ಲಿ ಪಟ್ಟಿಯ ಬಿಗಿಯಾದ ಮಗ್ಗುಲು ಸಡಿಲಾಗಿ, ಸಡಿಲವಾಗಿದ್ದ ಮಗ್ಗುಲು ಬಿಗಿಯಾಯಿತು. ಚಾಲಕ ದಂಡ ಎಂಜಿನ್ನನ್ನು ಎಳೆಯುವ ಬದಲು ಎಂಜಿನ್ನೇ ದಂಡವನ್ನು ಎಳೆಯುತ್ತಿದೆಯೆಂದು ಅದರ ಅರ್ಥ. ಲಿಂಡರ್ ಮಾತಾಡದೆ ತಲೆಯ ಟೊಪ್ಪಿಗೆ ತೆಗೆದು ಗೌರವ ಸೂಚಿಸಿದ. ಆ ದಿನ ಎಂಜಿನ್ ಯಾವ ಹೊರೆಯೂ ಇಲ್ಲದೆ ಸುಮಾರು ಒಂದು ನಿಮಿಷ, 88 ಸುತ್ತು ತಿರುಗಿತು.

ಬರಿದೆ ತಿರುಗಿದ್ದನ್ನು ವಿಜಯವೆಂದು ಎಣಿಸಬೇಕೇ ಎಂದು ಓದುಗರಿಗೆ ಅನ್ನಿಸಬಹುದು. ಸಂಪೀಡನ ಜ್ವಲನದ ಮಟ್ಟಿಗೆ ಹೊರೆಯಿಲ್ಲದ ಓಟವೇ ಕಠಿಣವಾದ ಪರೀಕ್ಷೆ. ಈ ಎಂಜಿನ್ನಿನಲ್ಲಿ ಗಾಳಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಶಕ್ತಿಯನ್ನು ಹೆಚ್ಚಿಸಲು ಅಥವಾ ತಗ್ಗಿಸಲು ಇಂಧನದ ಪ್ರಮಾಣವನ್ನು ಬದಲಿಸುತ್ತಾರೆ. ಹೊರೆ ಕಡಿಮೆಯಾದಂತೆ ಒಳಹೋಗುವ ಇಂಧನ ಅತ್ಯಲ್ಪವಾಗುತ್ತದೆ. ಸಿಲಿಂಡರಿನ ಗೋಡೆಗಳು ತಣ್ಣಗಾಗುತ್ತವೆ, ಹಿಂದಿನ ಸುತ್ತಿನಲ್ಲಿ ಉಳಿದ ಅನಿಲದ ಶಾಖವೂ ತಗ್ಗುತ್ತದೆ, ಮುಂದಿನ ಸುತ್ತಿನ ಗಾಳಿ ಅಷ್ಟರಮಟ್ಟಿಗೆ ತಂಪಾಗಿ ಶುರುವಾಗುತ್ತದೆ. ಇಂಧನವನ್ನು ಊದುವ ಗಾಳಿಯಿಂದಲೂ ತೊಂದರೆಯಿತ್ತು. ಹೆಚ್ಚು ಒತ್ತಡದಿಂದ ಸಿಲಿಂಡರಿನೊಳಕ್ಕೆ ನುಗ್ಗಿ ಹಿಗ್ಗುವ ಗಾಳಿ ತಣ್ಣಗಾಗಿರುತ್ತದೆ. ಪೂರ್ಣ ಹೊರೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ, ತೊಟ್ಟು ಇಂಧನ ಮಾತ್ರ ಇರುವಾಗ ಉರಿಯನ್ನೇ ಆರಿಸಿಬಿಡಬಲ್ಲದು. ಊದುಗಾಳಿಯ ಎಂಜಿನ್ನುಗಳನ್ನು ನಡೆಸಿದವರು ಹೊರೆ ಇಳಿದಾಗ ಊದುವ ಒತ್ತಡವನ್ನೂ ಇಳಿಸಬೇಕಾದುದು ಈ ಕಾರಣದಿಂದ. ಆದ್ದರಿಂದ 88 ಸುತ್ತುಗಳು ಔಗ್ಸ್‌ಬರ್ಗ್‌ನಲ್ಲಿ ಯಾರಿಗೂ ಸಣ್ಣ ವಿಷಯವಾಗಿ ಕಾಣಲಿಲ್ಲ.

ಮುಂದಿನ ಕೆಲಸ ನಿಧಾನವಾಗಿ ಸಾಗಿತು. ಸೀಮೆಎಣ್ಣೆ ಪೆಟ್ರೋಲಿನ ಸ್ಥಾನವನ್ನು ಪಡೆಯಿತು. 1895ರ ಜೂನ್ 26ರ ಪರೀಕ್ಷೆಯಲ್ಲಿ ಎಂಜಿನ್ನಿನ ದಕ್ಷತೆ ಪ್ರತಿಶತ 16.6 ಎಂದು ದಾಖಲಾಯಿತು. ಅಷ್ಟಕ್ಕೇ ಅದು ಆ ಕಾಲದ ಉಗಿಯಂತ್ರಗಳನ್ನು ಹಿಂದಿಕ್ಕಿತ್ತು.

1897ರ ಪರೀಕ್ಷೆ

ಮಾರಾಟಕ್ಕೆ ತಕ್ಕ ಮೊದಲ ಎಂಜಿನ್ನಿನ ವಿವರವಾದ ನಕ್ಷೆಗಳನ್ನು ತಯಾರಿಸಿದವರು ಇಮಾನುವೆಲ್ ಲೌಸ್ಟರ್ ಎಂಬ ಎಂಜಿನಿಯರ್. 250 ಮಿಲಿಮೀಟರ್ ವ್ಯಾಸ, 400 ಮಿಲಿಮೀಟರ್ ಓಟದ ಆ ಎಂಜಿನ್ನನ್ನು 1897ರ ಫೆಬ್ರವರಿ 17ರಂದು ಮ್ಯೂನಿಕ್‌ನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅಧಿಕೃತವಾಗಿ ಪರೀಕ್ಷಿಸಿದರು. ನಿಮಿಷಕ್ಕೆ 154 ಸುತ್ತು ತಿರುಗಿ ಅದು 17.8 ಅಶ್ವಶಕ್ತಿ ಕೊಟ್ಟಿತು. ಒಂದು ಅಶ್ವಶಕ್ತಿಯ ಒಂದು ಗಂಟೆಯ ಕೆಲಸಕ್ಕೆ ವ್ಯಯವಾದ ಸೀಮೆಎಣ್ಣೆ 238 ಗ್ರಾಂ. ದಕ್ಷತೆ ಪ್ರತಿಶತ 26.2. ಆದರ್ಶವಾಗಿ ಲೆಕ್ಕಹಾಕಿದ್ದ 73ಕ್ಕೆ ಹೋಲಿಸಿದರೆ ಇದು ಎಷ್ಟೋ ಕೆಳಗೆ; ಅಂದು ಲೋಕದಲ್ಲಿದ್ದ ಬೇರೆ ಯಾವ ಉಷ್ಣಯಂತ್ರಕ್ಕೆ ಹೋಲಿಸಿದರೂ ಎಷ್ಟೋ ಮೇಲೆ. ಹೊರೆಯನ್ನು ಅರ್ಧಕ್ಕೆ ಇಳಿಸಿದಾಗಲೂ ಇಂಧನದ ಖರ್ಚು ವಿಪರೀತವಾಗಿ ಏರಲಿಲ್ಲವೆಂಬುದು ಕಾರ್ಖಾನೆಗಳ ಮಾಲೀಕರನ್ನು ವಿಶೇಷವಾಗಿ ಆಕರ್ಷಿಸಿತು. ಅದೇ ವರ್ಷ ಜೂನ್‌ನಲ್ಲಿ ಕಾಸೆಲ್ ನಗರದಲ್ಲಿ ನಡೆದ ಜರ್ಮನ್ ಎಂಜಿನಿಯರುಗಳ ಸಂಘದ ಸಭೆಯಲ್ಲಿ ಡೀಸೆಲ್ ಮತ್ತು ಶ್ರೋಟರ್ ಈ ಫಲಿತಾಂಶಗಳನ್ನು ಮಂಡಿಸಿದರು.

ಐಶ್ವರ್ಯ ಮತ್ತು ವಿವಾದ

ಇದಾದ ಮೇಲೆ ಹಣ ಹರಿದುಬಂತು. ಅಮೆರಿಕದ ಮದ್ಯೋದ್ಯಮಿ ಅಡಾಲ್ಫಸ್ ಬುಶ್ ತನ್ನ ದೇಶದ ಹಕ್ಕುಗಳಿಗೆ ಹತ್ತು ಲಕ್ಷ ಮಾರ್ಕ್ ಕೊಟ್ಟ. ರಷ್ಯಾದ ಹಕ್ಕುಗಳನ್ನು ನೊಬೆಲ್ ಕುಟುಂಬದ ಸಂಸ್ಥೆ ಪಡೆಯಿತು. 1898ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ಡೀಸೆಲ್ ಅವರ ಎಲ್ಲ ಹಕ್ಕುಗಳನ್ನು 35 ಲಕ್ಷ ಮಾರ್ಕ್‌ಗೆ ವಹಿಸಿಕೊಂಡಿತು. ನಲವತ್ತನೆಯ ವಯಸ್ಸಿಗೆ ಅವರು ಶ್ರೀಮಂತರಾಗಿದ್ದರು. ಮ್ಯೂನಿಕ್‌ನ ಮರಿಯಾ ಥೆರೇಸಿಯಾ ಬೀದಿಯಲ್ಲಿ ವೈಭವದ ಬಂಗಲೆಯೊಂದನ್ನು ಕಟ್ಟಿಸಿದರು.

ಎಂಜಿನ್ ಮಾತ್ರ ಇನ್ನೂ ಪಕ್ವವಾಗಿರಲಿಲ್ಲ. ಕೆಂಪ್ಟನ್ ಊರಿನ ಬೆಂಕಿಕಡ್ಡಿ ಕಾರ್ಖಾನೆಗೆ ಕೊಟ್ಟ 60 ಅಶ್ವಶಕ್ತಿಯ ಎಂಜಿನ್ ಆರಂಭದಲ್ಲಿ ತುಂಬ ತೊಂದರೆ ಕೊಟ್ಟಿತು. ಪ್ರಯೋಗಶಾಲೆಯಲ್ಲಿ ನುರಿತವರ ಕೈಯಲ್ಲಿ ನಡೆದದ್ದು ಸಾಮಾನ್ಯ ಕಾರ್ಖಾನೆಯ ಕೆಲಸಗಾರರ ಕೈಯಲ್ಲಿ ನಡೆಯುತ್ತಿರಲಿಲ್ಲ. ಡೀಸೆಲ್ ತಮ್ಮ ಹೆಸರಿನಲ್ಲಿ ಔಗ್ಸ್‌ಬರ್ಗ್‌ನಲ್ಲಿ ಆರಂಭಿಸಿದ ಪ್ರತ್ಯೇಕ ಎಂಜಿನ್ ಕಾರ್ಖಾನೆ ಏಳಿಗೆ ಕಾಣಲಿಲ್ಲ. ತಮ್ಮ ಕಲ್ಪನೆಯನ್ನು ಡೀಸೆಲ್ ಕದ್ದರೆಂದು ಎಮಿಲ್ ಕಾಪಿಟೈನ್ ವ್ಯಾಜ್ಯ ಹೂಡಿದರು. ಬ್ರಿಟನ್ನಿನ ಹರ್ಬರ್ಟ್ ಆಕ್ರಾಯ್ಡ್ ಸ್ಟುವರ್ಟ್ ಡೀಸೆಲ್‌ಗಿಂತ ಮೊದಲೇ ಎಣ್ಣೆಯಿಂದ ನಡೆಯುವ ಎಂಜಿನ್ ಮಾಡಿದ್ದರೆಂಬುದು ನಿಜ. ಆದರೆ ಅದರಲ್ಲಿ ಇಂಧನವನ್ನು ಹೊತ್ತಿಸುತ್ತಿದ್ದುದು ಮುಖ್ಯವಾಗಿ ಹೊರಗಿನಿಂದ ಕಾಯಿಸಿದ ಬುರುಡೆಯ ಶಾಖವೇ ಹೊರತು ಒತ್ತಿದ ಗಾಳಿಯದ್ದಲ್ಲ. ಈ ಭೇದ ಇಂದಿಗೂ ಚರ್ಚೆಗಳಲ್ಲಿ ಮರೆಯಾಗುತ್ತದೆ. ದುಡಿಮೆ ಮತ್ತು ವ್ಯಾಜ್ಯಗಳ ಒತ್ತಡದಿಂದ 1898ರ ಕೊನೆಯಲ್ಲಿ ಡೀಸೆಲ್ ಅವರ ಮನಸ್ಸು ಕುಸಿದು, ಕೆಲವು ತಿಂಗಳು ಚಿಕಿತ್ಸಾಲಯದಲ್ಲಿ ಇರಬೇಕಾಯಿತು. ಬಳಿಕವೂ ತೀವ್ರ ತಲೆನೋವು ಅವರನ್ನು ಪೀಡಿಸುತ್ತಿತ್ತು.

ನೆಲಗಡಲೆ ಎಣ್ಣೆ

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನಿಗೆ ಅತ್ಯುನ್ನತ ಬಹುಮಾನ ದೊರೆಯಿತು. ಅಲ್ಲಿ ಒಂದು ಸಣ್ಣ ಎಂಜಿನ್ ನೆಲಗಡಲೆ ಎಣ್ಣೆಯಿಂದ ನಡೆಯಿತು. ಡೀಸೆಲ್ ತಮ್ಮ ಎಂಜಿನ್ನನ್ನು ಮೊದಲಿನಿಂದಲೂ ಸಸ್ಯತೈಲಕ್ಕೆಂದೇ ರೂಪಿಸಿದ್ದರೆಂಬ ವ್ಯಾಪಕ ನಂಬಿಕೆಯ ಮೂಲ ಇದು, ನಂಬಿಕೆ ತಪ್ಪು. ಆ ಎಂಜಿನ್ನನ್ನು ನಡೆಸಿದ್ದು ಓಟೋ ಕಂಪನಿ, ಅದೂ ಫ್ರೆಂಚ್ ಸರ್ಕಾರದ ಸೂಚನೆಯಂತೆ. ನೆಲಗಡಲೆ ಹೇರಳವಾಗಿ ಬೆಳೆಯುವ ಆಫ್ರಿಕದ ವಸಾಹತುಗಳಲ್ಲಿ ಸ್ಥಳೀಯ ಎಣ್ಣೆಯಿಂದಲೇ ಎಂಜಿನ್ ನಡೆಸಬಹುದೇ ಎಂಬುದು ಸರ್ಕಾರದ ಕುತೂಹಲವಾಗಿತ್ತು. ಡೀಸೆಲ್ ಅನಂತರ ತಾವೂ ಇಂಥ ಪ್ರಯೋಗಗಳನ್ನು ನಡೆಸಿದರು. 1912ರ ವೇಳೆಗೆ ಸಸ್ಯತೈಲಗಳು ಮುಂದೊಂದು ಕಾಲಕ್ಕೆ ಖನಿಜ ತೈಲದಷ್ಟೇ ಮುಖ್ಯವಾಗಬಹುದೆಂಬ ಅಭಿಪ್ರಾಯಕ್ಕೆ ಬಂದಿದ್ದರು. ಕರ್ನಾಟಕದಲ್ಲಿ ಹೊಂಗೆ ಎಣ್ಣೆಯಿಂದ ಎಂಜಿನ್ನುಗಳನ್ನು ನಡೆಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೈಗೊಂಡ ಪ್ರಯತ್ನಗಳು ಇದೇ ಹಾದಿಯವು.

ಜಲಸಾರಿಗೆಯಲ್ಲಿ ಎಂಜಿನ್ ಬೇಗ ನೆಲೆಯೂರಿತು. 1903ರಲ್ಲಿ ನೊಬೆಲ್ ಸಂಸ್ಥೆಯ ವಂಡಾಲ್ ಎಂಬ ತೈಲ ನೌಕೆ ರಷ್ಯಾದ ಜಲಮಾರ್ಗಗಳಲ್ಲಿ ಸಂಚರಿಸಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಡೀಸೆಲ್ ಎಂಜಿನ್ನಿನ ಬಲದಿಂದ ಕೋಪನ್‌ಹೇಗನ್‌ನಿಂದ ಬ್ಯಾಂಕಾಕ್‌ಗೆ ಯಾನ ಮಾಡಿತು.

ಎಂಜಿನ್ನಿನ ಆಚೆಗೂ ಡೀಸೆಲ್ ಯೋಚಿಸುತ್ತಿದ್ದರು. ಕಾರ್ಮಿಕರು ತಮ್ಮ ಉಳಿತಾಯವನ್ನು ಒಗ್ಗೂಡಿಸಿ ಕಾರ್ಖಾನೆಗಳ ಒಡೆಯರಾಗುವ ವ್ಯವಸ್ಥೆಯೊಂದನ್ನು ವಿವರಿಸಿ 1903ರಲ್ಲಿ ಸಾಲಿಡಾರಿಸ್ಮುಸ್ ಎಂಬ ಗ್ರಂಥ ಬರೆದರು. ಕೆಲವೇ ನೂರು ಪ್ರತಿಗಳು ಮಾರಾಟವಾದವು. ಅವರಿಗಾದರೋ ಈ ಪುಸ್ತಕ ಎಂಜಿನ್ನಿನಷ್ಟೇ ಪ್ರಿಯವಾಗಿತ್ತು.

ಕೊನೆಯ ವರ್ಷ ಮತ್ತು ಕಣ್ಮರೆ

1912ರ ನವೆಂಬರ್‌ನಲ್ಲಿ ಬರ್ಲಿನ್‌ನ ಹಡಗು ನಿರ್ಮಾಣ ತಜ್ಞರ ಸಭೆಯಲ್ಲಿ ಡೀಸೆಲ್ ತಮ್ಮ ಎಂಜಿನ್ ಹುಟ್ಟಿದ ಬಗೆಯನ್ನು ಕುರಿತು ಉಪನ್ಯಾಸ ನೀಡಿದರು. ಕೇಳಿದವರಲ್ಲಿ ಕೆಲವು ಪ್ರಾಧ್ಯಾಪಕರು ಎದ್ದು, ಪೇಟೆಂಟಿನ ಸಿದ್ಧಾಂತಕ್ಕೂ ನಿಜವಾದ ಎಂಜಿನ್ನಿಗೂ ಸಂಬಂಧವಿಲ್ಲವೆಂದೂ ಅದನ್ನು ಬಳಕೆಗೆ ತಂದವರು ಕಾರ್ಖಾನೆಯ ಎಂಜಿನಿಯರುಗಳೆಂದೂ ಕಟುವಾಗಿ ಟೀಕಿಸಿದರು. ಉಪನ್ಯಾಸವನ್ನು ವಿಸ್ತರಿಸಿ ಡೀಸೆಲ್ 1913ರಲ್ಲಿ ಪುಸ್ತಕ ಪ್ರಕಟಿಸಿದರು. ಅದೇ ವರ್ಷ ಯೊಹಾನೆಸ್ ಲ್ಯೂಡರ್ಸ್ ಎಂಬ ಪ್ರಾಧ್ಯಾಪಕರು ಡೀಸೆಲ್ ಅವರ ಹಿರಿಮೆಯೇ ಒಂದು ಕಟ್ಟುಕಥೆಯೆಂದು ವಾದಿಸುವ ಪುಸ್ತಕ ಬರೆದರು. ಟೀಕೆಯಲ್ಲಿ ಅರ್ಧ ಸತ್ಯವಿತ್ತು. ಸ್ಥಿರ ತಾಪದ ದಹನ ಎಂದೂ ಕೈಗೂಡಲಿಲ್ಲ, ಬುಟ್ಸ್ ಮತ್ತು ಲೌಸ್ಟರ್ ಇಲ್ಲದಿದ್ದರೆ ಎಂಜಿನ್ ಇರುತ್ತಿರಲಿಲ್ಲ. ಆದರೆ ಕಿಡಿಯಿಲ್ಲದೆ, ಕೇವಲ ಹೆಚ್ಚಿನ ಸಂಪೀಡನದಿಂದ ದಹನವನ್ನೂ ದಕ್ಷತೆಯನ್ನೂ ಒಟ್ಟಿಗೆ ಪಡೆಯಬಹುದೆಂಬ ಹಠವನ್ನು ನಾಲ್ಕು ವರ್ಷಗಳ ಸೋಲಿನ ನಡುವೆ ಹಿಡಿದು ನಿಂತವರು ಡೀಸೆಲ್ ಅವರೇ.

ಭೂಮಿ ವ್ಯವಹಾರಗಳಲ್ಲಿ ಮತ್ತು ಕೈಕೊಟ್ಟ ಹೂಡಿಕೆಗಳಲ್ಲಿ ಅವರ ಸಂಪತ್ತು ಕರಗಿಹೋಗಿತ್ತು. ಹೊರಗಿನವರಿಗೆ ಇದು ತಿಳಿದಿರಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಉಗಿಹಡಗು ಏರಿದರು. ಬ್ರಿಟನ್ನಿನ ಡೀಸೆಲ್ ಎಂಜಿನ್ ಕಂಪನಿಯೊಂದರ ಸಭೆಗೆ ಹೋಗುವವರಿದ್ದರು. ಜೊತೆಯವರೊಡನೆ ಊಟ ಮಾಡಿ, ಬೆಳಗ್ಗೆ 6.15ಕ್ಕೆ ಎಬ್ಬಿಸುವಂತೆ ಹೇಳಿ, ರಾತ್ರಿ ಸುಮಾರು ಹತ್ತು ಗಂಟೆಗೆ ತಮ್ಮ ಕೋಣೆಗೆ ತೆರಳಿದರು. ಬೆಳಗ್ಗೆ ಕೋಣೆ ಬರಿದಾಗಿತ್ತು, ಹಾಸಿಗೆಯಲ್ಲಿ ಯಾರೂ ಮಲಗಿದ ಗುರುತಿರಲಿಲ್ಲ. ಅವರ ಟೋಪಿ ಮತ್ತು ಮೇಲಂಗಿ ಹಡಗಿನ ಕಟಕಟೆಯ ಬಳಿ ಸಿಕ್ಕಿದವು. ಹತ್ತು ದಿನಗಳ ನಂತರ ಡಚ್ ದೋಣಿಯೊಂದರ ನಾವಿಕರು ಸಮುದ್ರದಲ್ಲಿ ತೇಲುತ್ತಿದ್ದ ದೇಹವೊಂದನ್ನು ಕಂಡು, ಜೇಬಿನ ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ಸಮುದ್ರಕ್ಕೇ ಬಿಟ್ಟರು. ಆ ವಸ್ತುಗಳು ತಂದೆಯವೆಂದು ಓಯ್ಗೆನ್ ಗುರುತಿಸಿದರು. ಪ್ರಯಾಣಕ್ಕೆ ಮೊದಲು ಡೀಸೆಲ್ ಹೆಂಡತಿಗೆ ಒಂದು ಚೀಲ ಕೊಟ್ಟು ಒಂದು ವಾರದ ತನಕ ತೆರೆಯಬಾರದೆಂದು ಹೇಳಿದ್ದರು. ಅದರಲ್ಲಿ ಎರಡು ಲಕ್ಷ ಮಾರ್ಕ್ ನಗದೂ, ಬ್ಯಾಂಕ್ ಖಾತೆಗಳು ಖಾಲಿಯಾಗಿವೆಯೆಂದು ತೋರಿಸುವ ಪತ್ರಗಳೂ ಇದ್ದವು. ದಿನಚರಿಯಲ್ಲಿ ಆ ದಿನಾಂಕದ ಎದುರು ಒಂದು ಸಣ್ಣ ಶಿಲುಬೆಯ ಗುರುತಿತ್ತು.

ಹೆಚ್ಚಿನ ಚರಿತ್ರಕಾರರು ಇದನ್ನು ಆತ್ಮಹತ್ಯೆಯೆಂದೇ ಭಾವಿಸಿದ್ದಾರೆ. ಜಲಾಂತರ್ಗಾಮಿಗಳ ರಹಸ್ಯ ಬ್ರಿಟಿಷರಿಗೆ ಸಿಗದಂತೆ ಜರ್ಮನ್ ಗೂಢಚಾರರು ಕೊಂದರೆಂದೂ ತೈಲ ಉದ್ಯಮಿಗಳು ಕೊಲ್ಲಿಸಿದರೆಂದೂ ಹುಟ್ಟಿದ ವದಂತಿಗಳಿಗೆ ದೃಢವಾದ ಆಧಾರ ದೊರೆತಿಲ್ಲ.

ಮರಳಿ ಬಂದ ಪೆಟ್ರೋಲ್

ಡೀಸೆಲ್ ಅವರ ಮರಣದ ನಂತರ ಊದುಗಾಳಿಯ ಭಾರವಾದ ಕಂಪ್ರೆಸರ್ ಮಾಯವಾಯಿತು. 1927ರಲ್ಲಿ ರಾಬರ್ಟ್ ಬಾಶ್ ಸಂಸ್ಥೆ ಇಂಧನವನ್ನು ನೇರವಾಗಿ ಚಿಮ್ಮುವ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಎಂಜಿನ್ ಲಾರಿಗಳಿಗೂ ಕಾರುಗಳಿಗೂ ಬಂದಿತು. ಎಂಜಿನ್ನಿಗೆ ತಕ್ಕ ಎಣ್ಣೆಯೂ ಗೊತ್ತಾಯಿತು. ಸ್ವಯಂಜ್ವಲನದ ಸುಲಭತೆಯನ್ನು ಸೀಟೇನ್ ಸಂಖ್ಯೆಯಿಂದಲೂ ಅದಕ್ಕೆ ತೋರುವ ಪ್ರತಿರೋಧವನ್ನು ಆಕ್ಟೇನ್ ಸಂಖ್ಯೆಯಿಂದಲೂ ಅಳೆಯುತ್ತಾರೆ. ಭಾರತದಲ್ಲಿ ಬಿಎಸ್-6 ಮಾನದಂಡದ ಡೀಸೆಲ್‌ಗೆ ಕನಿಷ್ಠ 51 ಸೀಟೇನ್, ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನ್ ಇರಬೇಕು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ.

ಇಷ್ಟಾದರೂ ಸಂಪೀಡನ ಜ್ವಲನ ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಸುವ ಆಸೆ ಮರೆಯಾಗಲಿಲ್ಲ. ಯುದ್ಧಭೂಮಿಯಲ್ಲಿ ಯಾವ ಇಂಧನ ಸಿಕ್ಕರೂ ನಡೆಯಬೇಕೆಂದು 20ನೆಯ ಶತಮಾನದ ಮಧ್ಯದಲ್ಲಿ ಸೈನ್ಯದ ಲಾರಿಗಳಿಗೆ ಬಹುಇಂಧನ ಎಂಜಿನ್ನುಗಳು ಬಂದವು. ಈ ಶತಮಾನದಲ್ಲಿ ಕಾರಣ ಬೇರೆಯಾಯಿತು. ಡೀಸೆಲ್ ಎಣ್ಣೆ ಗಾಳಿಯೊಡನೆ ಸರಿಯಾಗಿ ಬೆರೆಯುವ ಮೊದಲೇ ಹೊತ್ತಿಕೊಂಡು ಮಸಿಯನ್ನೂ ಸಾರಜನಕದ ಆಕ್ಸೈಡುಗಳನ್ನೂ ಉಂಟುಮಾಡುತ್ತದೆ. ಪೆಟ್ರೋಲ್ ಹೊತ್ತಲು ತಡಮಾಡುವುದರಿಂದ ಬೆರೆಯಲು ಸಮಯ ಸಿಗುತ್ತದೆ, ಮಸಿ ಬಹಳ ಕಡಿಮೆಯಾಗುತ್ತದೆ. ಡೀಸೆಲ್ ಅವರಿಗೆ ಅಡ್ಡಿಯಾಗಿದ್ದ ಗುಣವೇ ಈಗ ಅನುಕೂಲವಾಗಿ ಕಂಡಿತು. 2006ರಲ್ಲಿ ಗೌತಮ್ ಕಲಘಟಗಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ ಈ ದಿಕ್ಕಿನಲ್ಲಿ ಗಮನ ಸೆಳೆಯಿತು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ, ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಮುಂತಾದೆಡೆ ಸಂಶೋಧನೆ ಬೆಳೆಯಿತು.

ಹೊರೆ ಹೆಚ್ಚಿರುವಾಗ ಈ ದಹನ ಸೊಗಸಾಗಿ ನಡೆಯುತ್ತದೆ. ಹೊರೆ ಇಳಿದಾಗ 1893ರ ತೊಂದರೆಯೇ ಮತ್ತೆ ಎದುರಾಗುತ್ತದೆ. ಸ್ವಲ್ಪವೇ ಇರುವ ಇಂಧನ, ತಡವಾಗಿ ಹೊತ್ತುವುದರಿಂದ, ಗಾಳಿಯಲ್ಲಿ ಅತಿಯಾಗಿ ಚೆದುರಿಹೋಗುತ್ತದೆ. ಮಿಶ್ರಣ ತೆಳುವಾಗಿ ಕೆಲವು ಸುತ್ತುಗಳಲ್ಲಿ ಹೊತ್ತುವುದೇ ಇಲ್ಲ. ಹೊತ್ತಿದರೂ ತಾಪ ಸುಮಾರು 1,400ರಿಂದ 1,500 ಕೆಲ್ವಿನ್‌ಗಿಂತ ಕೆಳಗುಳಿದರೆ ಇಂಗಾಲದ ಮಾನಾಕ್ಸೈಡ್ ಪೂರ್ತಿ ಉರಿದು ಡೈಆಕ್ಸೈಡ್ ಆಗುವುದಿಲ್ಲ. ಅರೆಬೆಂದ ಹೈಡ್ರೋಕಾರ್ಬನ್ನುಗಳು ಹೊರಬೀಳುತ್ತವೆ. ಹೊಗೆಕೊಳವೆಯೂ ತಣ್ಣಗಿರುವುದರಿಂದ ಅವನ್ನು ಶುದ್ಧೀಕರಿಸಬೇಕಾದ ವೇಗವರ್ಧಕವೂ ಕೆಲಸಮಾಡುವುದಿಲ್ಲ.

ಇದಕ್ಕೆ ಹಲವು ಉಪಾಯಗಳನ್ನು ಪ್ರಯತ್ನಿಸಲಾಗಿದೆ. ಒಳಬರುವ ಗಾಳಿಯನ್ನು ಕಾಯಿಸುವುದು ನೇರವಾದ ದಾರಿ. ಕಾಯಿಸಲು ಶಕ್ತಿ ಬೇಕೆಂಬುದೂ ಹೊರೆ ಬದಲಾದಷ್ಟು ವೇಗವಾಗಿ ಗಾಳಿಯ ತಾಪವನ್ನು ಬದಲಿಸಲಾಗದೆಂಬುದೂ ಅದರ ಕೊರತೆ. ಕವಾಟಗಳ ಕಾಲವನ್ನು ಬದಲಿಸಿ ಹಿಂದಿನ ಸುತ್ತಿನ ಬಿಸಿ ಅನಿಲದ ಒಂದು ಪಾಲನ್ನು ಸಿಲಿಂಡರಿನಲ್ಲೇ ಉಳಿಸಿಕೊಳ್ಳುವುದು, ಅಥವಾ ಹೊರಹೋದ ಅನಿಲವನ್ನು ಮತ್ತೆ ಸ್ವಲ್ಪ ಒಳಗೆಳೆದುಕೊಳ್ಳುವುದು ಹೆಚ್ಚು ಪ್ರಾಯೋಗಿಕ. ಇಂಧನವನ್ನು ಎರಡು ಮೂರು ಕಂತುಗಳಲ್ಲಿ ಚಿಮ್ಮಿ, ಕೊನೆಯ ಕಂತನ್ನು ತಡವಾಗಿ ಕೊಟ್ಟರೆ ಸಿಲಿಂಡರಿನ ಒಂದು ಭಾಗದಲ್ಲಾದರೂ ಹೊತ್ತಲು ತಕ್ಕಷ್ಟು ದಟ್ಟವಾದ ಮಿಶ್ರಣ ಉಳಿಯುತ್ತದೆ. ತೀರ ತಡವಾದರೆ ಮತ್ತೆ ಮಸಿ ಬರುತ್ತದೆ. ಆಕ್ಟೇನ್ ಕಡಿಮೆಯಿರುವ, ನಾಫ್ತಾದಂಥ ಹಗುರ ಇಂಧನವನ್ನು ಬಳಸಿದರೆ ಸಮಸ್ಯೆಯ ಬಹುಪಾಲು ಸರಳವಾಗುತ್ತದೆಯಾದರೂ ಅದನ್ನು ಬಂಕ್‌ಗಳಲ್ಲಿ ಮಾರುವ ವ್ಯವಸ್ಥೆ ಇಲ್ಲ. ಮಾಜ್ದಾ ಕಂಪನಿ 2019ರಲ್ಲಿ ಮಾರುಕಟ್ಟೆಗೆ ತಂದ ಸ್ಕೈಆಕ್ಟಿವ್-ಎಕ್ಸ್ ಎಂಜಿನ್ ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ಒಂದು ಕಿಡಿ ಸಣ್ಣ ಉರಿಯನ್ನು ಹೊತ್ತಿಸುತ್ತದೆ, ಆ ಉರಿ ಹಿಗ್ಗಿ ಉಳಿದ ತೆಳು ಮಿಶ್ರಣವನ್ನು ಒತ್ತಿ ತಾನಾಗಿ ಹೊತ್ತುವಂತೆ ಮಾಡುತ್ತದೆ. ಕಿಡಿಯನ್ನು ಪೂರ್ತಿ ಬಿಟ್ಟು, ಬಂಕಿನ ಪೆಟ್ರೋಲಿನಿಂದಲೇ ಬರಿ ಓಟದಿಂದ ಪೂರ್ಣ ಹೊರೆಯವರೆಗೆ ನಡೆಯುವ ಎಂಜಿನ್ನಿನ ಕೆಲಸ ಹೆಚ್ಚಾಗಿ ಪ್ರಯೋಗಾಲಯಗಳಲ್ಲೂ ಮಾದರಿ ವಾಹನಗಳಲ್ಲೂ ನಡೆಯುತ್ತಿದೆ.

ಡೀಸೆಲ್ ಅವರ ಮೊದಲ ಪ್ರಯೋಗ ಎಂಜಿನ್ ಔಗ್ಸ್‌ಬರ್ಗ್‌ನ ಎಂಎಎನ್ ಸಂಗ್ರಹಾಲಯದಲ್ಲಿದೆ. 1897ರ ಎಂಜಿನ್ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ.